ಅಜ್ಜಿ ನಡೀಲಿ ಬಿಡಿ

ಭಾಗ 1

ಮೊದಲನೇ ಫೋಟೊದಲ್ಲಿರೋದು ಊರಿನ ನಮ್ಮನೆ ಹೊಸಿಲು. ಟೇಪ್ ಹಿಡಿದು ಅಳೆದಿದ್ದೀನಿ, ಎತ್ತರ ಏಳೂವರೆ ಇಂಚು. ಫ್ಲಾಟ್‌ನಲ್ಲಿ ಬೆಳೆದವರಿಗೆ ಇದು ಮೆಟ್ಟಿಲು ಅನ್ನಿಸಬಹುದು. ಮೆಟ್ಟಿಲಾಗಿದ್ರೆ ಎಷ್ಟೋ ವಾಸಿ, ಮೇಲೆ ಕಾಲಿಟ್ಟು ಹತ್ತಬಹುದಿತ್ತು. ಹೊಸಿಲ ಮೇಲೆ ಕಾಲಿಡೋ ಹಾಗಿಲ್ಲ, ಅಲ್ಲಿ ಲಕ್ಷ್ಮಿ ಇರ್ತಾಳೆ. ಹಾಗಾಗಿ ನಮ್ಮಜ್ಜಿ 78ನೇ ವಯಸ್ಸಲ್ಲೂ ಒಂದು ಕೈಯಲ್ಲಿ ಸೀರೆ ನೆರಿಗೆ ಎತ್ತಿ, ಇನ್ನೊಂದು ಕೈಯಲ್ಲಿ ನೀರಿನ ಚೊಂಬೋ ಹೂವಿನ ಬುಟ್ಟಿಯೋ ಹಿಡಿದು, ಒಂಟಿ ಕಾಲಲ್ಲಿ ಒಂದು ಕ್ಷಣ ನಿಂತು ಅದನ್ನ ದಾಟ್ತಾಳೆ. ದಿನಕ್ಕೆ ಎಷ್ಟು ಸಲ ಅಂತ ಒಂದು ಭಾನುವಾರ ಲೆಕ್ಕ ಹಾಕೋಕೆ ಕೂತೆ. ಮಧ್ಯಾಹ್ನದ ಊಟದೊಳಗೆ 31 ಆಯ್ತು. ಆಮೇಲೆ ಲೆಕ್ಕ ಬಿಟ್ಟೆ.

ನಾನು ಫಿಸಿಯೊಥೆರಪಿ ಓದ್ತಿರೋದು, ಮೂರನೇ ವರ್ಷ. ಊರು ತೀರ್ಥಹಳ್ಳಿ ಕಡೆ. ಮಳೆಗಾಲ ಅಂದ್ರೆ ನಮ್ಮಲ್ಲಿ ನಿಜವಾಗ್ಲೂ ಮಳೆಗಾಲ, ಆಗುಂಬೆ ನಮ್ಮ ತಾಲೂಕಲ್ಲೇ ಇರೋದು. ಹೋದ ತಿಂಗಳು ಒಂದು ಸ್ಟೋರಿ ಹಾಕಿದ್ದೆ, ಅಜ್ಜಿ ಅಂಗಳದಲ್ಲಿ ನಡೀತಿರೋ ಹತ್ತು ಸೆಕೆಂಡಿನ ವಿಡಿಯೊ, ಬರೀ ಪಾದ ಮಾತ್ರ ಕಾಣೋದು. ಅದಕ್ಕೆ ಬಂದ ಮೆಸೇಜುಗಳಲ್ಲಿ ಅರ್ಧದಷ್ಟು ಒಂದೇ ಥರ: "ನಮ್ಮಜ್ಜನೂ ಬಿದ್ರು, ಈಗ ಮನೇಲಿ ನಡೆಯೋಕೇ ಬಿಡ್ತಿಲ್ಲ, ಏನ್ ಮಾಡ್ಲಿ?" ಒಬ್ಬೊಬ್ಬರಿಗೇ ಉತ್ತರ ಬರೆದು ಬೆರಳು ನೋಯ್ತು. ಅದಕ್ಕೇ ಈ ಸೀರೀಸ್. ಉದ್ದ ಇದೆ, ಸೇವ್ ಮಾಡಿಟ್ಕೊಂಡು ಬಸ್ಸಲ್ಲಿ ಓದಿ.

ಭಾಗ 2

ಅಜ್ಜಿ ಬಿದ್ದಿದ್ದು ಆಷಾಢದಲ್ಲಿ, ರಾತ್ರಿ ಎರಡರ ಹೊತ್ತಿಗೆ. ಕರೆಂಟ್ ಇರಲಿಲ್ಲ. ಬಚ್ಚಲಿಗೆ ಹೋಗೋಕೆ ಎದ್ದಿದ್ದಾಳೆ. ಬಾಗಿಲ ಹತ್ರ ಹಳೇ ಸೀರೆ ಹೆಣೆದು ಮಾಡಿದ ಕಾಲೊರೆಸು, ಅದರಾಚೆ ಹೊಸಿಲು. ಕಾಲೊರೆಸು ಜಾರಿತು, ಎಡಗೈ ಊರಿದಳು, ಮಣಿಕಟ್ಟು ಮುರೀತು. ಆರು ವಾರ ಪ್ಲಾಸ್ಟರ್.

ಇಷ್ಟೇ. ಕೈ ಮೂಳೆ ಕೂಡಿಕೊಳ್ತು. ನಾನು ಬರೀಬೇಕು ಅಂದ್ಕೊಂಡಿರೋದು ಆಮೇಲಿನ ಕಥೆ.

ಆಮೇಲೆ ಅಜ್ಜಿ ಎದ್ದರೆ ಸಾಕು, ನಾಲ್ಕು ದಿಕ್ಕಿಂದ "ಕೂತ್ಕೋ, ಕೂತ್ಕೋ." ನೀರು ಕೂತಲ್ಲಿಗೇ ಬಂತು. ಊಟದ ತಟ್ಟೆ ಮಂಚಕ್ಕೇ ಬಂತು. ತುಳಸಿಗೆ ನೀರು ಹಾಕೋ ಕೆಲಸ ದೊಡ್ಡಮ್ಮಂಗೆ ಹೋಯ್ತು. ಮೆಟ್ಟುಗತ್ತಿ ಮುಂದೆ ನೆಲದಲ್ಲಿ ಕೂತು ಬಾಳೆಕಾಯಿ ಹೆಚ್ಚೋದನ್ನ ನಿಲ್ಲಿಸಿದ್ರು. ಪಕ್ಕದ ಮನೆ ಜಗಲಿಗೆ ಸಂಜೆ ಹೋಗೋದೂ ಬಂದ್. ಯಾರ ಮೇಲೂ ತಪ್ಪು ಹೊರಿಸ್ತಿಲ್ಲ, ಎಲ್ಲಾ ಪ್ರೀತಿಯಿಂದಲೇ ಮಾಡಿದ್ದು. ಆದ್ರೆ ಕಾಲೇಜಿಂದ ಎರಡು ತಿಂಗಳ ಮೇಲೆ ಊರಿಗೆ ಹೋದಾಗ ನಾನು ನೋಡಿದ ಅಜ್ಜಿಗೆ ಕುರ್ಚಿಯಿಂದ ಏಳೋಕೇ ಮೂರು ಸಲ ಹಿಂದೆ ಮುಂದೆ ತೂಗಬೇಕಿತ್ತು. ಮುರಿದದ್ದು ಕೈ. ಸೋತದ್ದು ಕಾಲು.

ನಮ್ಮ ಕ್ಲಾಸಿನವರಿಗೆ ಇದು ಗೊತ್ತಿರೋದೇ, ಉಳಿದವರಿಗೆ ಹೇಳ್ತೀನಿ. ಆರೋಗ್ಯವಾಗಿದ್ದ ಹಿರಿಯರನ್ನ ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಒಂದು ಅಧ್ಯಯನ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ 2007ರಲ್ಲಿ ಬಂತು. ಹತ್ತೇ ದಿನದಲ್ಲಿ ಕಾಲುಗಳಿಂದ ಹೆಚ್ಚೂಕಡಿಮೆ ಒಂದು ಕೆಜಿಯಷ್ಟು ಮಾಂಸಖಂಡ ಕರಗಿತ್ತು. ಅವರ್‍ಯಾರಿಗೂ ಕಾಯಿಲೆ ಇರಲಿಲ್ಲ, ಬರೀ ಮಲಗಿದ್ರು ಅಷ್ಟೇ. ನಮ್ಮಜ್ಜಿ ಪೂರ್ತಿ ಮಲಗಿರಲಿಲ್ಲ, ನಿಜ. ಆದ್ರೆ ಎರಡು ತಿಂಗಳು ಕೂತಿದ್ದಳು.

ಒಂದು ಸಲ ಬಿದ್ದವರಿಗೆ ಭಯ ಬರುತ್ತೆ. ಭಯದಿಂದ ನಡಿಗೆ ಕಮ್ಮಿ ಆಗುತ್ತೆ. ನಡಿಗೆ ಕಮ್ಮಿ ಆದಷ್ಟೂ ಕಾಲು ಸೋಲುತ್ತೆ, ಬ್ಯಾಲೆನ್ಸ್ ಹೋಗುತ್ತೆ. ಆಮೇಲೆ ಬೀಳೋ ಸಾಧ್ಯತೆ ಮೊದಲಿಗಿಂತ ಜಾಸ್ತಿ. ಬೀಳಬಾರದು ಅಂತ ಕೂರಿಸಿದ್ದೇ ಮುಂದಿನ ಸಲ ಬೀಳೋಕೆ ದಾರಿ ಮಾಡಿಕೊಡುತ್ತೆ. ಇದನ್ನ ದೊಡ್ಡಪ್ಪಂಗೆ ಅರ್ಥ ಮಾಡಿಸೋದು ನನ್ನ ವೈವಾ ಪರೀಕ್ಷೆಗಿಂತ ಕಷ್ಟ ಆಯ್ತು. ಅದಕ್ಕೆ ಬರ್ತೀನಿ.

ಭಾಗ 3

ಫೋಟೊದಲ್ಲಿ ಕುರ್ಚಿ, ನೆಲದ ಮೇಲೆ ಒಂದು ಸುಣ್ಣದ ಗೆರೆ. ಕುರ್ಚಿಯಿಂದ ಗೆರೆಗೆ ಮೂರು ಮೀಟರ್. ಟೈಮ್ಡ್ ಅಪ್ ಆಂಡ್ ಗೋ ಅಂತ ಟೆಸ್ಟು, 1991ರಲ್ಲಿ ಬಂದಿದ್ದು. ಕೈ ಇರೋ ಕುರ್ಚಿಯಲ್ಲಿ ಕೂರಿಸಿ, 'ಹೂಂ' ಅಂದಕೂಡ್ಲೇ ಎದ್ದು, ಮಾಮೂಲಿ ನಡಿಗೆಯಲ್ಲಿ ಗೆರೆ ತನಕ ಹೋಗಿ, ತಿರುಗಿ ಬಂದು ಕೂರಬೇಕು. ದಿನಾ ಹಾಕೋ ಚಪ್ಪಲಿ ಹಾಕ್ಕೊಂಡೇ. ಕೋಲು ಬಳಸೋರು ಕೋಲು ಹಿಡಿದೇ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ಪಕ್ಕದಲ್ಲಿ ಒಬ್ಬರು ನಿಂತಿರಬೇಕು, ಇದನ್ನ ಮರೀಬೇಡಿ.

ಅಜ್ಜಿ ತಗೊಂಡಿದ್ದು 19 ಸೆಕೆಂಡ್.

"ಪಾಸಾ ಮಗಾ?" ಅಂದ್ಲು.

"ಇಲ್ಲ ಅಜ್ಜಿ."

"ನಿನ್ನ ಗಡಿಯಾರ ಮುಂದೆ ಓಡ್ತದೆ."

ಸೆಕೆಂಡಿಗಿಂತ ಆ ಮೂರು ಮೀಟರಲ್ಲಿ ಕಣ್ಣಿಗೆ ಬಿದ್ದಿದ್ದು ಮುಖ್ಯ. ತಿರುಗೋವಾಗ ಆರೇಳು ಚಿಕ್ಕ ಚಿಕ್ಕ ಹೆಜ್ಜೆ. ಎಡ ಮಂಡಿ ಸವೆದಿರೋದ್ರಿಂದ ಆ ಕಾಲ ಮೇಲೆ ಭಾರ ಹಾಕೋಕೆ ಹಿಂಜರಿಕೆ. ಮತ್ತೆ ಇನ್ನೊಂದು: ದೊಡ್ಡಮ್ಮ ಒಳಗಿಂದ "ಕಾಫಿ ಕುಡೀತೀರಾ ಅತ್ತೆ?" ಅಂದ್ರು. ಅಜ್ಜಿ ನಿಂತ್ಲು. ಉತ್ತರ ಕೊಟ್ಟು ಆಮೇಲೆ ನಡೆದ್ಲು. ಮಾತಾಡಬೇಕಾದ್ರೆ ನಡಿಗೆ ನಿಲ್ಲಿಸೋ ಹಿರಿಯರಿಗೆ ಬೀಳೋ ಅಪಾಯ ಹೆಚ್ಚು ಅಂತ ಸ್ವೀಡನ್‌ನ ಸಂಶೋಧಕರು 1997ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ರು. ಪುಸ್ತಕದಲ್ಲಿ ಓದಿದಾಗ ಒಂದು ಸಾಲಿನ ವಿಷಯ. ನಮ್ಮನೆ ನಡುಮನೆಯಲ್ಲಿ ಕಣ್ಣೆದುರು ಆದಾಗ ಕೈ ಸ್ವಲ್ಪ ತಣ್ಣಗಾಯ್ತು. ಆವತ್ತಿಂದ ಮನೇಲಿ ಒಂದೇ ಒಂದು ಹೊಸ ರೂಲು: ಅಜ್ಜಿ ನಡೀತಿರೋವಾಗ ಹಿಂದಿಂದ ಕೂಗಬಾರದು. ಮಾತಾಡಬೇಕು ಅಂದ್ರೆ ಎದುರಿಗೆ ಬಂದು ಮಾತಾಡಿ.

ಭಾಗ 4

ಔಷಧಿ ಡಬ್ಬಿಯ ಫೋಟೊ. ಹೆಸರುಗಳನ್ನ ಬೇಕಂತಲೇ ಬ್ಲರ್ ಮಾಡಿದ್ದೀನಿ. ನೋಡಿ, 'ನಮ್ಮಜ್ಜಿಗೂ ಇದೇ ಮಾತ್ರೆ' ಅಂತ ಯಾರೂ ಏನೂ ನಿಲ್ಲಿಸಬೇಡಿ.

ಬಿದ್ದ ರಾತ್ರಿ ಬಗ್ಗೆ ಅಜ್ಜಿನ ಮತ್ತೆ ಮತ್ತೆ ಕೇಳಿದೆ. ಮೂರನೇ ಸಲ ಒಂದು ಮಾತು ಹೊರಗೆ ಬಂತು: "ಎದ್ದಕೂಡ್ಲೇ ಕಣ್ಣು ಕತ್ಲೆ ಬಂದಂಗಾತು." ಕಾಲೊರೆಸು ಒಂದೇ ಕಾರಣ ಅಲ್ಲ ಹಾಗಾದ್ರೆ. ಐದು ನಿಮಿಷ ಮಲಗಿಸಿ ಬಿಪಿ ನೋಡಿದೆ, 142. ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದೆ, 118. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದ್ರೆ ಅದಕ್ಕೊಂದು ಹೆಸರಿದೆ, ಆರ್ಥೊಸ್ಟ್ಯಾಟಿಕ್ ಹೈಪೊಟೆನ್ಶನ್. ಮಲಗಿದ್ದವರು ಧಡಕ್ಕನೆ ಎದ್ದಾಗ ರಕ್ತ ಕಾಲಿಗಿಳಿಯುತ್ತೆ, ವಯಸ್ಸಾದ ದೇಹ ಅಷ್ಟು ಬೇಗ ಸರಿಮಾಡಿಕೊಳ್ಳಲ್ಲ, ತಲೆಗೆ ರಕ್ತ ಕಮ್ಮಿ ಆಗುತ್ತೆ. ಮಾತ್ರೆ, ನೀರು ಕಮ್ಮಿ ಕುಡಿಯೋದು, ಸಕ್ಕರೆ ಕಾಯಿಲೆ, ಕಾರಣ ಏನು ಬೇಕಾದ್ರೂ ಇರಬಹುದು. ರಾತ್ರಿ ಏಳಬೇಕಾಗುತ್ತೆ ಅಂತ ಅಜ್ಜಿ ಸಂಜೆ ನಾಲ್ಕರ ಮೇಲೆ ನೀರೇ ಮುಟ್ಟುತ್ತಿರಲಿಲ್ಲ!

ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಹತ್ರ ಹೋದ್ವಿ. ಅವರು ನೋಡಿ ಒಂದು ಮಾತ್ರೆಯ ಹೊತ್ತು ಬದಲಿಸಿದ್ರು, ಇನ್ನೊಂದರ ಡೋಸ್ ಇಳಿಸಿದ್ರು. ನಿದ್ರೆ ಮಾತ್ರೆ ಏನಾದ್ರೂ ತಗೋತಾರಾ ಅಂತಲೂ ಕೇಳಿದ್ರು. ತಗೊಳ್ತಿರಲಿಲ್ಲ. ನಿಮ್ಮನೇಲಿ ತಗೊಳ್ತಿದ್ರೆ ಅದನ್ನ ಡಾಕ್ಟರಿಗೆ ತಪ್ಪದೆ ಹೇಳಿ, ರಾತ್ರಿ ಬೀಳೋದಕ್ಕೂ ಅದಕ್ಕೂ ಹತ್ತಿರದ ನಂಟು.

ಅಜ್ಜಿಗೆ ನಾನು ಕೊಟ್ಟ ಪಾಠ ಒಂದೇ. ಎಚ್ಚರ ಆದ್ಮೇಲೆ ಮಲಗಿದಲ್ಲೇ ಪಾದ ಹತ್ತು ಸಲ ಮೇಲೆ ಕೆಳಗೆ ಆಡಿಸು. ಮಗ್ಗುಲಾಗಿ ಎದ್ದು ಕೂರು. ಕಾಲು ಇಳಿಬಿಟ್ಟು ಒಂದು ನಿಮಿಷ ಸುಮ್ನೆ ಕೂರು. ಆಮೇಲೆ ಮಂಚ ಹಿಡಿದು ನಿಲ್ಲು, ತಲೆ ಸರಿ ಇದೆಯಾ ನೋಡ್ಕೋ, ಆಮೇಲೆ ನಡಿ. ಒಂದು ನಿಮಿಷ ಅಂದ್ರೆ ಎಷ್ಟು ಅಂತ ಕೇಳಿದ್ಲು. ಗಡಿಯಾರ ಕತ್ತಲಲ್ಲಿ ಕಾಣಲ್ಲ. ಕೊನೆಗೆ ಅವಳೇ ದಾರಿ ಕಂಡುಕೊಂಡಳು, ಮನೆದೇವರ ಹೆಸರು 27 ಸಲ ಹೇಳೋದು. ಟೈಮ್ ಹಿಡಿದು ನೋಡಿದೆ, 55 ಸೆಕೆಂಡ್. ನಡೆಯುತ್ತೆ.

ಭಾಗ 5

ಮನೆ ಬದಲಾಯಿಸೋದು ಅಂದ್ರೆ ಎಲ್ರೂ ದುಡ್ಡು ಅಂದ್ಕೊಳ್ತಾರೆ. ನಮ್ಮಲ್ಲಿ ಮೊದಲು ಆಗಿದ್ದು ಪುಕ್ಕಟೆ ಕೆಲಸ. ಆ ಕಾಲೊರೆಸು ಕೊಟ್ಟಿಗೆಗೆ ಹೋಯ್ತು. ಮಂಚದಿಂದ ಬಚ್ಚಲ ತನಕ ದಾರಿಯಲ್ಲಿದ್ದ ಅಡಿಕೆ ಚೀಲ, ಫ್ಯಾನಿನ ವಯರು, ಕೊಡಪಾನ, ಎಲ್ಲಾ ಗೋಡೆ ಬದಿಗೆ. ಸೀರೆ ಎರಡು ಬೆರಳು ಮೇಲೆ ಉಡೋಕೆ ಅಜ್ಜಿ ಒಪ್ಪೋಕೆ ನಾಲ್ಕು ದಿನ ಬೇಕಾಯ್ತು. ಹವಾಯಿ ಚಪ್ಪಲಿ ತಿರುಗಿಸಿ ನೋಡಿದ್ರೆ ಅಡಿಯಲ್ಲಿ ಗೆರೆಯೇ ಇಲ್ಲ, ಕನ್ನಡಿ ಥರ. ಹಿಂದೆ ಪಟ್ಟಿ ಇರೋ, ರಬ್ಬರ್ ಅಡಿಯ ಚಪ್ಪಲಿ ತಂದ್ವಿ. ನಿಮ್ಮನೆ ಹಿರಿಯರ ಚಪ್ಪಲಿ ಇವತ್ತು ಒಂದ್ಸಲ ತಿರುಗಿಸಿ ನೋಡಿ. ಏನು ಕಾಣುತ್ತೆ ಕಾಮೆಂಟ್ ಮಾಡಿ.

ಹಗಲಲ್ಲಿ ನೋಡಿ ಮನೆ ಸರಿ ಇದೆ ಅಂತ ಹೇಳಬೇಡಿ. ನಾನು ರಾತ್ರಿ ಎರಡಕ್ಕೆ ಅಲಾರಾಂ ಇಟ್ಟು ಎದ್ದು, ಲೈಟ್ ಹಾಕದೆ, ಅಜ್ಜಿ ಮಂಚದಿಂದ ಬಚ್ಚಲಿಗೆ ನಡೆದು ನೋಡಿದೆ. ನಡುಮನೆ ಸ್ವಿಚ್ಚು ಬಾಗಿಲಿನ ಆಚೆ ಬದಿಗಿದೆ. ಅಂದ್ರೆ ಲೈಟ್ ಹಾಕೋಕೆ ಮೊದಲು ಕತ್ತಲಲ್ಲಿ ಹೊಸಿಲು ದಾಟಬೇಕು! ಅರವತ್ತು ವರ್ಷದಿಂದ ಆ ಮನೇಲಿ ಇರೋರು ಯಾರಿಗೂ ಅದು ವಿಚಿತ್ರ ಅನ್ನಿಸಿಲ್ಲ. ಸ್ವಿಚ್ ಮಂಚದ ಹತ್ರ ತರಿಸಿದ್ವಿ, ಕರೆಂಟ್ ಹೋದ್ರೆ ತಾನೇ ಹೊತ್ತಿಕೊಳ್ಳೋ ಚಾರ್ಜಿಂಗ್ ಬಲ್ಬ್ ಎರಡು ಹಾಕಿದ್ವಿ, ದಿಂಬಿನ ಪಕ್ಕ ಟಾರ್ಚು.

ಹೊಸಿಲು? ದೊಡ್ಡಪ್ಪ ಕಡಿಸಿಬಿಡೋಣ ಅಂದ್ರು. ಅಜ್ಜಿ ಮುಖ ನೋಡಿ ನಾನೇ ಬೇಡ ಅಂದೆ. ಬಾಗಿಲ ದಾರಂದದ ಎರಡೂ ಬದಿಗೆ ಹಿಡಿ ಹಾಕಿಸಿದ್ವಿ, ಸೊಂಟದ ಎತ್ತರಕ್ಕೆ. ಕೈಯಲ್ಲಿ ಸಾಮಾನು ಹಿಡಿದು ದಾಟೋದು ಬಂದ್, ಕತ್ತಿಗೆ ಹಾಕ್ಕೊಳ್ಳೋ ಒಂದು ಬಟ್ಟೆ ಚೀಲ ದೊಡ್ಡಮ್ಮ ಹೊಲಿದುಕೊಟ್ರು. ಇನ್ನು ಹೊಸಿಲು ಕತ್ತಲಲ್ಲಿ ಕಾಣಬೇಕಲ್ಲ, ಅಂಚಿಗೆ ಹಳದಿ ಟೇಪ್ ಅಂಟಿಸೋಣ ಅಂತ ನಾನು ತಂದಿದ್ದೆ. ಅಜ್ಜಿ ನಕ್ಕುಬಿಟ್ಲು. "ದಿನಾ ಅರಿಶಿನ ಹಚ್ತೀವಲ್ಲ ಮಗಾ, ಅದೇನು ಕಪ್ಪಾ?" ಪ್ಲಾಸ್ಟರ್ ಹಾಕಿದ ಮೇಲೆ ಹೊಸಿಲಿಗೆ ಅರಿಶಿನ ಹಚ್ಚೋದೇ ನಿಂತುಹೋಗಿತ್ತು. ಈಗ ಮತ್ತೆ ದಪ್ಪಗೆ ಹಚ್ತಾರೆ, ಟೇಪಿಗಿಂತ ಚೆನ್ನಾಗೇ ಕಾಣುತ್ತೆ.

ಭಾಗ 6

ಬಚ್ಚಲು. ಹಂಡೆ ಒಲೆ, ಕಲ್ಲುಚಪ್ಪಡಿ ನೆಲ, ಮಳೆಗಾಲದಲ್ಲಿ ಒಣಗೋದೇ ಇಲ್ಲ. ಎಣ್ಣೆ ಸ್ನಾನದ ದಿನ ಅಂತೂ ಕೇಳಲೇಬೇಡಿ, ತಲೆಯಿಂದ ಇಳಿದ ಎಣ್ಣೆ ಸೋಪಿನ ಜೊತೆ ಸೇರಿ ಕಲ್ಲಿನ ಮೇಲೆ ಪದರ ಕಟ್ಟುತ್ತೆ. ಅಭ್ಯಂಜನ ಬಿಡು ಅಂತ ಹೇಳೋ ಧೈರ್ಯ ನಂಗಿಲ್ಲ, ಬಿಡಿಸೋ ಅಗತ್ಯವೂ ಇಲ್ಲ. ಕೂತು ಸ್ನಾನ ಮಾಡೋಕೆ ಕಾಲು ಅಗಲವಾಗಿರೋ ಗಟ್ಟಿ ಸ್ಟೂಲು. ಸ್ನಾನ ಆದವರು ಯಾರೇ ಆಗ್ಲಿ ಸೀಗೆಪುಡಿ ಎರಚಿ, ಬ್ರಶ್ಶಲ್ಲಿ ತಿಕ್ಕಿ, ಬಿಸಿನೀರು ಹಾಕಿಯೇ ಹೊರಗೆ ಬರಬೇಕು. ಹಾವಸೆಗೆ ವಾರಕ್ಕೊಂದು ಸಲ ಬ್ಲೀಚಿಂಗ್ ಪೌಡರ್.

ಟವೆಲ್ ಹಾಕೋ ರಾಡನ್ನ ಹಿಡಿಕೆ ಅಂತ ನಂಬಬೇಡಿ. ದಪ್ಪಗಿನ ಅಕ್ಷರದಲ್ಲಿ ಓದ್ಕೊಳ್ಳಿ ಇದನ್ನ. ಅದನ್ನ ಕೂರಿಸಿರೋದು ಒದ್ದೆ ಟವೆಲಿನ ಭಾರಕ್ಕೆ. ಐವತ್ತು ಕೆಜಿ ಮನುಷ್ಯ ಜಾರುವಾಗ ಎಳೆದ್ರೆ ಸ್ಕ್ರೂ ಸಮೇತ ಕೈಗೆ ಬರುತ್ತೆ. ನಾವು ವೆಲ್ಡಿಂಗ್ ಶಾಪಲ್ಲಿ ಕಬ್ಬಿಣದ ಪೈಪ್ ಬಗ್ಗಿಸಿ, ಗೋಡೆಯೊಳಗೆ ಸಿಮೆಂಟ್ ಹಾಕಿ ಕೂರಿಸಿದ್ವಿ. ಅಜ್ಜಿ ಮುಷ್ಟಿ ಸುತ್ತ ಹಿಡಿಯೋವಷ್ಟು ದಪ್ಪ, ಅದಕ್ಕಿಂತ ಜಾಸ್ತಿ ಬೇಡ. ಕೂರಿಸಿದ ಮೇಲೆ ನಮ್ಮನೇಲಿ ಎಲ್ಲರಿಗಿಂತ ತೂಕದ ಮನುಷ್ಯ, ಅಂದ್ರೆ ದೊಡ್ಡಪ್ಪ, ಜೋತುಬಿದ್ದು ಪರೀಕ್ಷೆ ಮಾಡಿದ್ರು. ಆ ಫೋಟೊ ಹಾಕೋಕೆ ಪರ್ಮಿಶನ್ ಸಿಕ್ಕಿಲ್ಲ.

ಅಂಗಳಕ್ಕೆ ನಾವೇನೂ ಹೊಸದಾಗಿ ಮಾಡಬೇಕಾಗಿರಲಿಲ್ಲ. ಮಲೆನಾಡಿನ ಅಂಗಳದಲ್ಲಿ ಮಳೆಗಾಲ ಶುರುವಾದ್ರೆ ಅಡಿಕೆ ಸೋಗೆ, ಅಡಿಕೆ ದಬ್ಬೆ ಹಾಸಿ ಓಡಾಡೋಕೆ ದಾರಿ ಮಾಡ್ತಾರೆ, ಹಿಂದಿನಿಂದ್ಲೂ. ಜಾರಬಾರದು ಅಂತಲೇ ಮಾಡಿದ್ದು ಅದು. ನಾವು ತುಳಸಿಕಟ್ಟೆ ತನಕ ಪಕ್ಕದಲ್ಲಿ ಬಿದಿರಿನ ಕಟಕಟೆ ಸೇರಿಸಿದ್ವಿ, ಅಷ್ಟೇ.

ಭಾಗ 7

ಕೋಲು. ಇದು ಸ್ವಲ್ಪ ಭಾವುಕ ಆಗುತ್ತೆ, ತಡ್ಕೊಳ್ಳಿ.

ಅಜ್ಜನ ಬೆತ್ತದ ಕೋಲು ಮೂಲೆಯಲ್ಲಿತ್ತು. ಅಜ್ಜಿ ಕೋಲು ಹಿಡಿಯೋಕೇ ಒಪ್ಪಿರಲಿಲ್ಲ, "ಕೋಲು ಹಿಡಿದ್ರೆ ನೋಡಿದವರು ಮುದುಕಿ ಅಂತಾರೆ" ಅನ್ನೋದು 78ರ ಹರೆಯದ ಅವಳ ವಾದ. ಹಿಡಿದ್ರೆ ಅವರದ್ದೇ ಹಿಡೀತೀನಿ ಅಂದ್ಲು. ಆದ್ರೆ ಅಜ್ಜ ಆರಡಿ ಆಳು, ಅಜ್ಜಿ ಐದಡಿನೂ ಇಲ್ಲ. ಕೋಲಿನ ಹಿಡಿ, ಕೈ ಇಳಿಬಿಟ್ಟು ನೇರ ನಿಂತಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಹಿಡಿದಾಗ ಮೊಣಕೈ ಒಂಚೂರು ಬಗ್ಗಿರಬೇಕು. ಉದ್ದ ಆದ್ರೆ ಭುಜ ಮೇಲೆ ಹೋಗುತ್ತೆ, ಕೋಲಿಗೆ ಭಾರ ಬೀಳಲ್ಲ. ಅಜ್ಜನ ಕೋಲು ಅಜ್ಜಿಗೆ ಎದೆ ಹತ್ರ ಬರ್ತಿತ್ತು, ತುದಿಯ ರಬ್ಬರ್ ಬುಶ್ ಯಾವತ್ತೋ ಬಿದ್ದುಹೋಗಿತ್ತು. ಕತ್ತರಿಸಿದ್ರೆ ಸರಿಹೋಗುತ್ತೆ ಅಂದಾಗ ಅಜ್ಜಿ ಏನೂ ಮಾತಾಡಲಿಲ್ಲ, ಕೋಲು ತಗೊಂಡು ಹೋಗಿ ದೇವರ ಕೋಣೆ ಗೋಡೆಗೆ ಒರಗಿಸಿ ಬಂದ್ಲು. ಅಲ್ಲಿಗೆ ಆ ಮಾತು ಮುಗೀತು. ಎತ್ತರ ಹೊಂದಿಸೋ ಅಲ್ಯುಮಿನಿಯಂ ಕೋಲು ತಂದ್ವಿ.

ಯಾವ ಕೈಲಿ ಹಿಡೀಬೇಕು? ನೋವಿರೋ ಕಾಲಿನ ಎದುರು ಕೈಯಲ್ಲಿ. ಅಜ್ಜಿಗೆ ನೋವು ಎಡ ಮಂಡಿ, ಹಾಗಾಗಿ ಕೋಲು ಬಲಗೈಗೆ. ಮುರಿದಿದ್ದೂ ಎಡಗೈಯೇ ಆಗಿದ್ರಿಂದ ಅದೊಂದು ಅನುಕೂಲ ಆಯ್ತು. ನಡೆಯೋವಾಗ ನಮ್ಮ ಎದುರುಬದುರು ಕೈಕಾಲು ಒಟ್ಟಿಗೆ ಮುಂದೆ ಹೋಗುತ್ತಲ್ಲ, ಕೋಲು ನೋವಿನ ಕಾಲಿನ ಜೊತೆಗೇ ಮುಂದೆ ಹೋಗಿ ಅದರ ಭಾರ ಹಂಚಿಕೊಳ್ಳುತ್ತೆ. 'ಹೌಸ್' ಸೀರೀಸ್ ನೋಡಿದವರು ಗಮನಿಸಿ, ಅಷ್ಟು ಬುದ್ಧಿವಂತ ಡಾಕ್ಟರು ಎಂಟು ಸೀಸನ್ ಪೂರ್ತಿ ನೋವಿನ ಕಾಲಿನ ಕಡೆಗೇ ಕೋಲು ಹಿಡಿದಿದ್ದಾರೆ. ಮೆಟ್ಟಿಲು ಹತ್ತೋವಾಗ ಒಳ್ಳೆ ಕಾಲು ಮೊದಲು, ಇಳಿಯೋವಾಗ ಕೋಲು ಮತ್ತೆ ನೋವಿನ ಕಾಲು ಮೊದಲು.

ಇಷ್ಟು ಹೇಳಿದ್ಮೇಲೆ ನಾವು ಹಿಡಿಯೋ ರೀತಿ ಬಗ್ಗೆಯೂ ಹೇಳಲೇಬೇಕು. ಪ್ರೀತಿ ಇರೋರು ಮಾಡೋದು ಎರಡು: ಎದುರಿಗೆ ನಿಂತು ಎರಡೂ ಕೈ ಹಿಡಿದು ಹಿಂದೆ ಹಿಂದೆ ನಡೆಯೋದು, ಇಲ್ಲಾ ಕಂಕುಳಲ್ಲಿ ಕೈ ಹಾಕಿ ಎತ್ತೋದು. ಮೊದಲನೆಯದ್ರಲ್ಲಿ ಅವರು ಮುಂದಕ್ಕೆ ಬಾಗ್ತಾರೆ, ನಿಮಗೆ ಹಿಂದೆ ಏನಿದೆ ಕಾಣಲ್ಲ, ಇಬ್ಬರೂ ಬೀಳ್ತೀರಿ. ಎರಡನೆಯದ್ರಲ್ಲಿ ಭುಜ ಹೋಗುತ್ತೆ. ಸೋತ ಕಾಲಿನ ಪಕ್ಕ, ಅರ್ಧ ಹೆಜ್ಜೆ ಹಿಂದೆ ನಿಲ್ಲಿ. ಒಂದು ಕೈ ಸೊಂಟದ ಹಿಂದೆ. ಇನ್ನೊಂದು ಕೈ ಮುಂದೆ ಚಾಚಿ, ಅವರು ನಿಮ್ಮನ್ನ ಹಿಡಿದುಕೊಳ್ಳಲಿ. ನೀವು ಅವರನ್ನ ಹಿಡಿದ್ರೆ ಬಿಡೋದು ನಿಮ್ಮ ಕೈಲಿರುತ್ತೆ, ಅವರು ನಿಮ್ಮನ್ನ ಹಿಡಿದ್ರೆ ಅವರ ಕೈಲಿ. ಆಮೇಲೆ ಅವರ ವೇಗಕ್ಕೆ ನಡೀರಿ. ಇದೇ ಎಲ್ಲಕ್ಕಿಂತ ಕಷ್ಟ.

ಕೋಲು, ವಾಕರ್ ಕೊಳ್ಳೋಕೆ ಆಗದ ಮನೆಗಳಿಗೆ ಒಂದು ಮಾತು: ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ, ಬಡ ಕುಟುಂಬದ 60 ದಾಟಿದವರಿಗೆ ಇಂಥ ಸಾಧನಗಳನ್ನ ಉಚಿತವಾಗಿ ಕೊಡೋದು. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ವಿಚಾರಿಸಿ.

ಭಾಗ 8

ದೊಡ್ಡಪ್ಪನ ವಿಷಯ.

ಪೈಪು, ಬಲ್ಬು, ಚಪ್ಪಲಿ ಎಲ್ಲದಕ್ಕೂ ದುಡ್ಡು ಕೊಟ್ಟವರು ಅವರೇ. ಆದ್ರೆ "ಈಗ ಅಜ್ಜಿ ಒಬ್ಬಳೇ ನಡೀಲಿ ದೊಡ್ಡಪ್ಪ" ಅಂದಾಗ ಒಪ್ಪಲಿಲ್ಲ. ನಾನು ಓದಿದ್ದೆಲ್ಲಾ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಜನ ಬಿದ್ದು ಸಾಯ್ತಾರೆ, ಅಪಘಾತದ ಸಾವುಗಳಲ್ಲಿ ರಸ್ತೆಯ ನಂತರ ಇದೇ, ಅದಕ್ಕೇ ಕಾಲಿಗೆ ಶಕ್ತಿ ಬರಿಸಬೇಕು ಅಂತ. ಅವರು ಅದೇ ಅಂಕಿ ಹಿಡಿದು, "ನೋಡು, ನೀನೇ ಹೇಳ್ತಿದ್ದೀಯ, ಸಾಯ್ತಾರೆ ಅಂತ. ಅದಕ್ಕೇ ಕೂರಿಸಿರೋದು" ಅಂದ್ರು. ಅಂಕಿ ಅಂಶ ಯಾರ ಪಕ್ಷಕ್ಕೆ ಬೇಕಾದ್ರೂ ಹೋಗುತ್ತೆ ನೋಡಿ.

ಆಮೇಲೆ ದನಿ ತಗ್ಗಿಸಿ ಹೇಳಿದ್ರು. "ಆ ರಾತ್ರಿ ಟಾರ್ಚ್ ಬಿಟ್ಟು ನೋಡಿದಾಗ ಅಮ್ಮ ನೆಲದಲ್ಲಿ ಬಿದ್ದಿದ್ಲು. ಕರೆದೆ, ಮಾತಾಡ್ಲಿಲ್ಲ. ಹೋಗೇಬಿಟ್ಳು ಅಂದ್ಕೊಂಡೆ. ನೀನು ಶಿವಮೊಗ್ಗದಲ್ಲಿ ಮಲಗಿದ್ದೆ. ಮತ್ತೆ ಬಿದ್ರೆ ಎತ್ತೋದು ನಾನೇ ಅಲ್ವಾ?"

ಇದಕ್ಕೆ ನಮ್ಮ ಸಿಲಬಸ್ಸಲ್ಲಿ ಉತ್ತರ ಇಲ್ಲ. ಅವರು ಹೇಳಿದ್ದು ನಿಜ. ಬೀಳೋದೇ ಇಲ್ಲ ಅಂತ ನಾನು ಬರೆದುಕೊಡೋಕೆ ಆಗಲ್ಲ, ಯಾರಿಗೂ ಆಗಲ್ಲ. ದಿನಾ ಇರೋರಿಗೆ ವಾರಕ್ಕೊಮ್ಮೆ ಬರೋರು ಬುದ್ಧಿ ಹೇಳೋದು ಸುಲಭ.

ಅಷ್ಟೊತ್ತೂ ಅಕ್ಕಿ ಆರಿಸ್ತಾ ಕೂತಿದ್ದ ಅಜ್ಜಿ ತಲೆ ಎತ್ತದೇ ಹೇಳಿದ್ಲು, "ನನ್ನನ್ನ ಯಾರಾದ್ರೂ ಕೇಳ್ತೀರಾ?"

ಕೇಳಿದ್ವಿ. ಅವಳಿಗೆ ಒಬ್ಬಳೇ ಹೋಗಬೇಕಾಗಿದ್ದು ಮೂರೇ ಜಾಗ. ಬಚ್ಚಲು, ತುಳಸಿಕಟ್ಟೆ, ಪಕ್ಕದ ಮನೆ ಜಗಲಿ. ತೋಟ ಬೇಡ, ಪೇಟೆ ಬೇಡ, ಅಟ್ಟ ಬೇಡ. "ಬಚ್ಚಲಿಗೂ ಸೊಸೆನ ಕರೀಬೇಕು ಅಂದ್ರೆ ನಂಗೆ ನಾಚಿಕೆ ಆಗ್ತದೆ. ಅದಕ್ಕೇ ನೀರು ಕುಡಿಯಲ್ಲ." ದೊಡ್ಡಪ್ಪ ಎದ್ದು ಹೊರಗೆ ಹೋದ್ರು. ಅವತ್ತು ರಾತ್ರಿ ಊಟಕ್ಕೆ ಕೂತಾಗ, ಯಾರ ಕಡೆಗೂ ನೋಡದೇ, "ಬಚ್ಚಲು, ತುಳಸಿಕಟ್ಟೆ ಸರಿ. ಪಕ್ಕದ ಮನೆಗೆ ಮಳೆ ಇಲ್ಲದ ದಿನ ಮಾತ್ರ" ಅಂದ್ರು. ಆಮೇಲೆ ಪೀಪಿ ಥರದ ಒಂದು ಸೀಟಿ ತಂದು ಅಜ್ಜಿ ಕತ್ತಿಗೆ ಹಾಕಿದ್ರು. ಬಿದ್ರೆ ಊದೋಕೆ. ಮೊದಲನೇ ವಾರ ಅಜ್ಜಿ ಅದನ್ನ ಮಂಗ ಓಡಿಸೋಕೆ ಬಳಸಿದ್ಲು.

ಭಾಗ 9

ವ್ಯಾಯಾಮ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಒಟಾಗೊ ಪ್ರೋಗ್ರಾಂ ನಮ್ಮ ಕ್ಲಾಸಿನವರಿಗೆ ಗೊತ್ತು. ಮನೆಯಲ್ಲೇ ಮಾಡೋ ಕಾಲಿನ ಶಕ್ತಿ ಮತ್ತೆ ಬ್ಯಾಲೆನ್ಸ್ ಅಭ್ಯಾಸ, ಜೊತೆಗೆ ನಡಿಗೆ. ಅದನ್ನ ಮಾಡಿದ ಹಿರಿಯರಲ್ಲಿ ಬೀಳೋದು ಸುಮಾರು ಮೂರನೇ ಒಂದು ಭಾಗ ಕಮ್ಮಿ ಆಗಿತ್ತು. ನಮ್ಮಜ್ಜಿಗೆ ಅದರಿಂದ ನಾಲ್ಕು ಆರಿಸಿದೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು. ಅಡಿಗೆಮನೆ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಲ್ಲೋದು. ಅದೇ ಕಟ್ಟೆ ಹಿಡಿದು ಪಕ್ಕಕ್ಕೆ ನಡೆಯೋದು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಹತ್ತು ಸೆಕೆಂಡ್ ನಿಲ್ಲೋದು. 'ವ್ಯಾಯಾಮ' ಅಂದ್ರೆ ಅಜ್ಜಿ ಮಾಡಲ್ಲ. ಹಾಲು ಕಾಯೋ ತನಕ ತುದಿಗಾಲು, ಟೀವಿಯಲ್ಲಿ ಜಾಹೀರಾತು ಬಂದಾಗ ಎದ್ದು ಕೂರೋದು, ಹೀಗೆ ಹೇಳಿದ್ರೆ ಮಾಡ್ತಾಳೆ. ಧಾರಾವಾಹಿಗಳಲ್ಲಿ ಜಾಹೀರಾತು ಇಷ್ಟೊಂದು ಇರೋದರಿಂದ ಒಂದು ಉಪಯೋಗ ಆಯ್ತು.

ಮೆಟ್ಟುಗತ್ತಿಯೂ ವಾಪಸ್ ಬಂತು. ನೆಲದಲ್ಲಿ ಕೂತು ಏಳೋದು ಅವಳಿಗೆ ಅರವತ್ತು ವರ್ಷದ ಅಭ್ಯಾಸ, ಅದಕ್ಕಿಂತ ಒಳ್ಳೆ ಸ್ಕ್ವಾಟ್ ನಂಗೆ ಕಲಿಸೋಕೆ ಬರಲ್ಲ. ಮಂಡಿ ನೋವು ಜಾಸ್ತಿಯಾದ ದಿನ ಕುರ್ಚಿ, ಇಲ್ಲಾಂದ್ರೆ ಮಣೆ.

ಭಾಗ 10

ಕೊನೇದು. ಬಿದ್ರೆ ಏಳೋದು ಹೇಗೆ? ಬೀಳದೇ ಇರೋದನ್ನ ಎಲ್ರೂ ಹೇಳ್ತಾರೆ, ಇದನ್ನ ಯಾರೂ ಕಲಿಸಲ್ಲ. ಗಂಟೆಗಟ್ಟಲೆ ನೆಲದಲ್ಲೇ ಬಿದ್ದಿರೋದು ಬಿದ್ದ ಏಟಿಗಿಂತ ಕೆಟ್ಟದಾಗಬಹುದು.

ಮೊದಲು ಅಲ್ಲಾಡದೆ ಮಲಗಿ ಉಸಿರು ತಗೊಳ್ಳೋದು, ಎಲ್ಲಿ ನೋವಿದೆ ನೋಡಿಕೊಳ್ಳೋದು. ಸೊಂಟದ ಹತ್ರ ಜೋರು ನೋವು, ಒಂದು ಕಾಲು ಗಿಡ್ಡ ಆದಂಗೆ, ಹೊರಗೆ ತಿರುಗಿದಂಗೆ ಕಂಡ್ರೆ ಏಳಿಸೋಕೆ ಹೋಗಬೇಡಿ, 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟು ಬಿದ್ದಿದ್ದು, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರಾದ್ರೆ, ಚೆನ್ನಾಗಿದ್ದೀನಿ ಅಂದ್ರೂ ಆಸ್ಪತ್ರೆಗೆ. ಅಂಥದ್ದೇನೂ ಇಲ್ಲ ಅಂದ್ರೆ ಮಗ್ಗುಲಾಗಬೇಕು. ಮೊಣಕೈ ಊರಿ, ಅಂಬೆಗಾಲಿಗೆ ಬರಬೇಕು. ಹತ್ತಿರದ ಗಟ್ಟಿ ಕುರ್ಚಿಯೋ ಮಂಚವೋ ಇರೋ ತನಕ ಅಂಬೆಗಾಲಲ್ಲೇ ಹೋಗಬೇಕು. ಎರಡೂ ಕೈ ಅದರ ಮೇಲಿಟ್ಟು, ಗಟ್ಟಿ ಇರೋ ಕಾಲಿನ ಪಾದ ಮುಂದೆ ಊರಿ, ತಳ್ಳಿ ಎದ್ದು, ತಿರುಗಿ ಕೂರಬೇಕು. ಜೊತೆಗಿರೋರು ಎತ್ತಬಾರದು. ಕುರ್ಚಿ ತಂದು ಹತ್ತಿರ ಇಡಿ, ಸಮಾಧಾನವಾಗಿ ಹೇಳಿಕೊಡಿ.

ನಡುಮನೆಯಲ್ಲಿ ಎರಡು ಕಂಬಳಿ ಹಾಸಿ ಇದನ್ನ ಪ್ರಾಕ್ಟೀಸ್ ಮಾಡಿದ್ವಿ. ಮೊದಲು ನಾನು ಮಾಡಿ ತೋರಿಸಿದೆ, ಆಮೇಲೆ ದೊಡ್ಡಮ್ಮ, ಆಮೇಲೆ ಅಜ್ಜಿ. ಎರಡನೇ ದಿನ ದೊಡ್ಡಪ್ಪ ಬಾಗಿಲಲ್ಲಿ ನಿಂತು ನೋಡ್ತಿದ್ರು. ಅಜ್ಜಿ ಅಂಬೆಗಾಲಲ್ಲಿ ಮಂಚಕ್ಕೆ ಹೋಗಿ, ಬಲಗಾಲು ಊರಿ, ಉಸಿರು ಬಿಟ್ಟು ಎದ್ದು ಕೂತ್ಲು. ನೆರಿಗೆ ಸರಿಮಾಡಿಕೊಂಡ್ಲು. ದೊಡ್ಡಪ್ಪ ಏನೂ ಅನ್ನದೆ ಹೋಗಿ ಒಂದು ಲೋಟ ನೀರು ತಂದುಕೊಟ್ರು.

ಹೋದ ಭಾನುವಾರ ಮತ್ತೆ ಟೆಸ್ಟ್ ಮಾಡಿದೆ. 14 ಸೆಕೆಂಡ್. ಇನ್ನೂ ಪಾಸಿಲ್ಲ. ದೀಪಾವಳಿ ಹೊತ್ತಿಗೆ ಒಂದು ಸಲ ಬಚ್ಚಲಲ್ಲಿ ಕಾಲು ಜಾರಿತ್ತಂತೆ, ಪೈಪ್ ಹಿಡಿದು ನಿಂತ್ಲಂತೆ, ನಂಗೆ ಹೇಳಿದ್ದು ಮೂರು ವಾರ ಆದ್ಮೇಲೆ. ಕನ್ನಡಕದ್ದೊಂದು ಬಾಕಿ ಇದೆ. ಅವಳದ್ದು ಮೇಲೆ ದೂರದ್ದು, ಕೆಳಗೆ ಓದೋದು, ಎರಡೂ ಒಂದರಲ್ಲೇ ಇರೋದು. ಅದರಲ್ಲಿ ಕೆಳಗೆ ನೋಡಿದ್ರೆ ಮೆಟ್ಟಿಲು ಮಸುಕಾಗುತ್ತೆ. ನಡೆಯೋಕೇ ಅಂತ ಬೇರೆ ಕನ್ನಡಕ ಮಾಡಿಸಬೇಕು, ಕಣ್ಣಿನ ಪೊರೆಯೂ ತೋರಿಸಬೇಕು.

ಏಳೋದರ ವಿಡಿಯೊ ಹಾಕಿ ಅಂತ ತುಂಬಾ ಜನ ಕೇಳಿದ್ದೀರಿ. ಅಜ್ಜಿ ಒಪ್ಪಿದ್ದಾಳೆ. ಷರತ್ತು ಎರಡು: ಮುಖ ಕಾಣಬಾರದು, ಮತ್ತೆ ಆ ಹಳೇ ಕಂಬಳಿ ಬದಲು ಒಳ್ಳೆ ಜಮಖಾನ ಹಾಸಬೇಕು. ಜಮಖಾನ ಅಟ್ಟದಲ್ಲಿದೆಯಂತೆ. ಶನಿವಾರ ಹೋಗಿ ಇಳಿಸ್ತೀನಿ.